ಎಲ್ಲೆಕಲ್ಲಿನ ಮನೆಯ ಡೋರ್ಕಸ್ ಗಾಲ್ಪಿನ್

ನಮ್ಮ ಕೆಲ್‌ಕೂಮ್ ಚರ್ಚಿನ ಅಂಗಳದಲ್ಲಿ, ಯೂ ಮರದ ಉತ್ತರಕ್ಕೆ, ಎರಡು ಗೋರಿಗಳ ನಡುವೆ ಒಬ್ಬರು ಮಲಗುವಷ್ಟು ಹುಲ್ಲಿನ ಜಾಗ ಬಹಳ ವರ್ಷ ಖಾಲಿ ಇತ್ತು. ಎಡಗಡೆಯ ಗೋರಿ ರೂಬೆನ್ ಗಾಲ್ಪಿನ್ ಅವರದು. ಮೊದಲನೆಯ ಮಹಾಯುದ್ಧದಲ್ಲಿ ವಿಷದ ಗಾಳಿ ಕುಡಿದು ಬಂದು, ಮತ್ತೆ ಎಂಟು ವರ್ಷ ಕೆಮ್ಮುತ್ತಲೇ ಹಸು ಕಾಯ್ದು ತೀರಿಕೊಂಡವರು. ಬಲಗಡೆಯದು ಅವರ ಮಗಳು ಐವಿಯದು. ಒಂಬತ್ತನೆಯ ವಯಸ್ಸಿನಲ್ಲಿ ಗಂಟಲಮಾರಿ ಬಂದು ಹೋದಳು. ಐವಿಗೆ ಗುಂಡಿ ತೋಡುವಾಗ ತಾಯಿ ಡೋರ್ಕಸ್ ಪಕ್ಕದಲ್ಲೇ ನಿಂತು, ಗಂಡನ ಗೋರಿಗೆ ಅಂಟಿಸಿ ಅಗೆಯಬೇಡ ಎಂದರಂತೆ. ಅಗೆಯುವವನು ಯಾಕೆ ಎಂದು ಕೇಳಿದ್ದಕ್ಕೆ, "ನನಗೆ ಬಿಡು. ಮುಂದೆ ನಾನು ದಪ್ಪ ಆದ್ರೂ ಹಿಡಿಸೋ ಹಾಗೆ ಬಿಡು" ಎಂದಿದ್ದರಂತೆ. ಇದನ್ನು ಡೋರ್ಕಸ್ ಅವರೇ ನನಗೆ ಹೇಳಿದ್ದು.

ಆ ಜಾಗ ಅವರಿಗೆ ಸಿಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಎದ್ದದ್ದು ಅವರಿಗೆ ಎಪ್ಪತ್ತೊಂದು ವಯಸ್ಸಾದಾಗ, ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ. ಅದನ್ನು ಬರೆಯುವ ಮೊದಲು ಅವರ ಬಗ್ಗೆ ಸ್ವಲ್ಪ ಬರೆಯಬೇಕು.

ಡೋರ್ಕಸ್ ಬಟ್ಟೆ ಒಗೆಯುವ ಕೆಲಸ ಮಾಡುತ್ತಿದ್ದರು. ಸೋಮವಾರ ಬೆಳಗಿನ ಜಾವ ತಾಮ್ರದ ಹಂಡೆಗೆ ಬೆಂಕಿ ಹಾಕಿದರೆ ಮಂಗಳವಾರ ಸಂಜೆಯವರೆಗೆ ಅವರ ಮನೆಯ ಕಿಟಕಿಗಳಿಂದ ಹಬೆ ಹೊರಗೆ ಬರುತ್ತಲೇ ಇರುತ್ತಿತ್ತು. ಪಾದ್ರಿಗಳ ಬಿಳಿ ಅಂಗಿ, ಹಾಡುವವರ ಅಂಗಿ, ಪೂಜೆಯ ಮೇಜಿನ ಬಟ್ಟೆ, ಇವಕ್ಕೆಲ್ಲ ಅವರು ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ. ಅವುಗಳಿಗೆ ಬೇರೆಯದೇ ನೀರು, ಬೇರೆಯದೇ ಗಂಜಿ. ಈಸ್ಟರ್ ದಿನ ಹೊಸ ಪಾದ್ರಿಗಳು ಅಂಗಿಯ ತೋಳಿಗೆ ಮೇಣ ಸುರಿಸಿಕೊಂಡಾಗ, ಎಲ್ಲರೂ ಕೈಕುಲುಕಿ ಹೋಗುತ್ತಿದ್ದ ಬಾಗಿಲಲ್ಲೇ ಅವರು, "ಪಾದ್ರಿಗಳೇ, ದೇವರು ಕ್ಷಮಿಸ್ತಾನೆ, ನಾನು ಉಜ್ಬೇಕು" ಎಂದದ್ದನ್ನು ನಾನೇ ಕೇಳಿದ್ದೇನೆ.

ಅವರ ಮನೆ ಊರಿನ ಕೊನೆಯಲ್ಲಿ, ಹಳ್ಳದ ಪಕ್ಕ ಇತ್ತು. ಅದನ್ನು ಎಲ್ಲೆಕಲ್ಲಿನ ಮನೆ ಎಂದೇ ಕರೆಯುತ್ತಿದ್ದರು. ಹಿತ್ತಲಿನ ತುದಿಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿತ್ತು. ಅದರ ಈಚೆಗೆ ಕೆಲ್‌ಕೂಮ್ ಪ್ಯಾರಿಶ್, ಅಂದರೆ ನಮ್ಮ ಚರ್ಚಿಗೆ ಸೇರಿದ ಸೀಮೆ, ಆಚೆಗೆ ಸ್ಟಾಡನ್ ಪ್ಯಾರಿಶ್. ಪ್ರತಿ ವಸಂತದಲ್ಲಿ ಆ ಕಲ್ಲಿಗೆ ಸುಣ್ಣ ಬಳಿಯುವುದು ಗಾಲ್ಪಿನ್ ಮನೆಯವರ ಕೆಲಸ. ಡೋರ್ಕಸ್ ಮದುವೆಯಾಗಿ ಬಂದ ವರ್ಷದಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ.

ಆದರೆ ಆ ಕಲ್ಲು ಅದರ ಜಾಗದಲ್ಲಿ ಇರಲಿಲ್ಲ. ಇದು ಡೋರ್ಕಸ್‌ಗೆ ಗೊತ್ತಿತ್ತು.

ಹಿಂದೆ ನಮ್ಮಲ್ಲಿ ಎಲ್ಲೆ ಬಡಿಯುವ ಪದ್ಧತಿ ಇತ್ತು. ಮೇ ತಿಂಗಳಲ್ಲಿ ಪಾದ್ರಿಗಳು ಮುಂದೆ, ಊರಿನವರು ಹಿಂದೆ, ಸಿಪ್ಪೆ ಸುಲಿದ ವಿಲೋ ಕೋಲು ಹಿಡಿದು ಪ್ಯಾರಿಶ್‌ನ ಸುತ್ತ ನಡೆಯುತ್ತಿದ್ದರು. ಪ್ರತಿ ಎಲ್ಲೆಕಲ್ಲಿಗೂ ಕೋಲಿನಿಂದ ಬಡಿದು, ಒಂದು ಮಗುವನ್ನು ಎತ್ತಿ ಆ ಕಲ್ಲಿನ ಮೇಲೆ ಕುಕ್ಕುತ್ತಿದ್ದರು. ನೋವಾದರೆ ಆ ಜಾಗ ಸಾಯುವತನಕ ಮರೆಯುವುದಿಲ್ಲ ಎಂದು. ಆಮೇಲೆ ಅಳು ನಿಲ್ಲಿಸಲು ಒಂದು ಸಿಹಿ ಬನ್ನು. ಕೊನೆಯ ಸಲ ಎಲ್ಲೆ ಬಡಿದದ್ದು ಸಾವಿರದ ಒಂಬೈನೂರ ಎರಡರಲ್ಲಿ. ಆಗ ಡೋರ್ಕಸ್‌ಗೆ ಒಂಬತ್ತು ವರ್ಷ. ಅವರನ್ನು ಕುಕ್ಕಿದ್ದು ಈ ಕಲ್ಲಿನ ಮೇಲೆಯೇ. ಆದರೆ ಅಂದು ಕಲ್ಲು ಹಿತ್ತಲಿನ ತುದಿಯಲ್ಲಿ ಇರಲಿಲ್ಲ, ಗಾಲ್ಪಿನ್ ಮನೆಯ ಹಿಂಬಾಗಿಲಿನ ಪಕ್ಕ, ಗೋಡೆಗೆ ತಾಗಿಕೊಂಡು ಇತ್ತು. ಎಲ್ಲೆ ಆ ಮನೆಯೊಳಗಿಂದಲೇ ಹಾದುಹೋಗುತ್ತಿತ್ತು. ಆದ್ದರಿಂದ ಮೆರವಣಿಗೆ ಹಿಂಬಾಗಿಲಿನಿಂದ ಒಳಗೆ ಹೋಗಿ, ಎಲ್ಲರಿಗಿಂತ ಚಿಕ್ಕವನಾದ ಆರು ವರ್ಷದ ವಿಲ್ಫ್ ಸ್ಟಿಕ್‌ಲ್ಯಾಂಡ್‌ನನ್ನು ಎದುರಿನ ಕಿಟಕಿಯಿಂದ ಹೊರಗೆ ತೂರಿಸಿತ್ತು.

ಮದುವೆಯಾಗಿ ಬಂದ ವಾರವೇ ಡೋರ್ಕಸ್ ಗಂಡನನ್ನು ಕೇಳಿದರು. "ರೂಬೆನ್, ಕಲ್ಲಿಗೇನು ಕಾಲು ಬಂತಾ?"

ರೂಬೆನ್ ಮೊದಲು ನಕ್ಕು, ಆಮೇಲೆ ನಿಜ ಹೇಳಿದರು. ಎಲ್ಲೆ ಬಡಿದ ವರ್ಷವೇ ರೂಬೆನ್‌ನ ಅಜ್ಜಿ ವಿಧವೆಯಾದಳು. ಕೆಲ್‌ಕೂಮ್‌ನಲ್ಲಿ ಡಿಸೆಂಬರ್ ತಿಂಗಳ ಸಂತ ಥಾಮಸ್ ಹಬ್ಬದ ದಿನ ಪ್ಯಾರಿಶ್‌ನ ವಿಧವೆಯರಿಗೆ ಒಂದು ದೊಡ್ಡ ರೊಟ್ಟಿ, ಒಂದು ತುಂಡು ಕೆಂಪು ಉಣ್ಣೆಬಟ್ಟೆ ಕೊಡುತ್ತಿದ್ದರು. ಸ್ಟಾಡನ್‌ನಲ್ಲಿ ಏನೂ ಇಲ್ಲ. ಅರ್ಧ ಮನೆ ಇಲ್ಲಿ, ಅರ್ಧ ಮನೆ ಅಲ್ಲಿ ಎಂದು ಹಂಚುವವರು ತಕರಾರು ತೆಗೆದರು. ರೂಬೆನ್‌ನ ತಂದೆ ಜೋಬ್ ಗಾಲ್ಪಿನ್ ಶರತ್ಕಾಲದ ಒಂದು ಮಂಜಿನ ಬೆಳಗ್ಗೆ ಹಾರೆ ಹಾಕಿ ಕಲ್ಲು ಎಬ್ಬಿಸಿ, ಕುದುರೆ ಕಟ್ಟಿ ಎಳೆದು, ಮೂವತ್ತು ಹೆಜ್ಜೆ ಆಚೆಗೆ ನೆಟ್ಟು, ಸುಣ್ಣ ಬಳಿದುಬಿಟ್ಟರು. ಅಜ್ಜಿಗೆ ರೊಟ್ಟಿ ಸಿಕ್ಕಿತು. ಆ ವರ್ಷದ ಪಾದ್ರಿಗಳು ತೀರಿಕೊಂಡರು, ಮುಂದೆ ಬಂದವರಿಗೆ ನಡೆಯುವ ಆಸಕ್ತಿ ಇರಲಿಲ್ಲ, ಅಷ್ಟರಲ್ಲಿ ಯುದ್ಧ ಬಂತು. ಯಾರೂ ಕೇಳಲಿಲ್ಲ. ರೂಬೆನ್ ಸತ್ತಾಗಲೂ ಐವಿ ಸತ್ತಾಗಲೂ ಅಂಗಳದಲ್ಲಿ ಜಾಗ ಧಾರಾಳವಾಗಿತ್ತು, ಆಗಲೂ ಯಾರೂ ಕೇಳಲಿಲ್ಲ.

ಅರವತ್ತನಾಲ್ಕರ ಹೊತ್ತಿಗೆ ಉಳಿದದ್ದು ಹನ್ನೊಂದು ಜಾಗ ಮಾತ್ರ. ಇನ್ನು ಮುಂದೆ ಪ್ಯಾರಿಶ್‌ನೊಳಗೆ ವಾಸವಿದ್ದವರಿಗೆ ಮಾತ್ರ ಮಣ್ಣು ಎಂದು ಚರ್ಚಿನ ಸಮಿತಿ ನಿಯಮ ಮಾಡಿತು. ಪರ್ಸಿವಲ್ ಹ್ಯಾನ್ಸ್‌ಫರ್ಡ್ ಎಂಬವರು ಆಗ ಚರ್ಚಿನ ವಾರ್ಡನ್, ಅಂದರೆ ಚರ್ಚಿನ ಲೆಕ್ಕಪತ್ರ, ಅಂಗಳ ನೋಡಿಕೊಳ್ಳುವವರು. ಹೈನಿನ ಕೆಲಸದವರು. ಹಾಲಿನ ಕ್ಯಾನಿನ ಮುಚ್ಚಳವನ್ನು ಎರಡು ಸಲ ಒತ್ತಿ ನೋಡುವಂಥ ಮನುಷ್ಯ. ಸ್ಟಾಡನ್‌ನಲ್ಲಿ ವಾಸವಿದ್ದ ತಮ್ಮ ಸ್ವಂತ ನಾದಿನಿಗೇ ಜಾಗ ಕೊಡಲು ಆಗುವುದಿಲ್ಲ ಎಂದು ಹೇಳಿ, ಹೆಂಡತಿ ಮಾತು ಬಿಡುವ ಹಾಗೆ ಮಾಡಿಕೊಂಡಿದ್ದರು. ಅವರು ಯಾವ ಯಾವ ಮನೆ ಒಳಗೆ ಬರುತ್ತದೆ ಎಂದು ಪಟ್ಟಿ ಮಾಡುತ್ತಾ, ಚರ್ಚಿನ ಪೆಟ್ಟಿಗೆಯಲ್ಲಿದ್ದ ಹಳೆಯ ನಕ್ಷೆ ಬಿಚ್ಚಿ ನೋಡಿ, ಒಂದು ಮಧ್ಯಾಹ್ನ ಡೋರ್ಕಸ್ ಮನೆಗೆ ಬಂದರು.

"ಮಿಸೆಸ್ ಗಾಲ್ಪಿನ್, ನನಗಿದು ಇಷ್ಟದ ಕೆಲಸ ಅಲ್ಲ."

"ಇಷ್ಟ ಇಲ್ದಿರೋ ಕೆಲಸಾನೇ ನೀವು ಚೆನ್ನಾಗಿ ಮಾಡೋದು, ಮಿಸ್ಟರ್ ಹ್ಯಾನ್ಸ್‌ಫರ್ಡ್. ಕೂತ್ಕೊಳ್ಳಿ. ಟೀ ಇದೆ."

ಅವರು ಕೂತರು. "ನಕ್ಷೇಲಿ ಎಲ್ಲೆಯ ಗೆರೆ ಗುಡ್ಡದ ಕಲ್ಲಿಂದ ನೇರ ನಿಮ್ಮ ಮನೆ ಕಡೆಗೇ ಬರುತ್ತೆ. ಸರಿಯಾಗಿ ಇಲ್ಲಿಗೆ ಬಂದಾಗ ಕಾಗದ ಮಡಿಕೇಲಿ ಹರಿದುಹೋಗಿದೆ. ಕಲ್ಲು ನೋಡಿದ್ರೆ ಅಷ್ಟು ದೂರ ಇದೆ. ಗೆರೆ ಅಷ್ಟು ಸೊಟ್ಟ ಯಾಕೆ ಹೋಗುತ್ತೆ, ನನಗೆ ಅರ್ಥ ಆಗ್ತಿಲ್ಲ."

ಡೋರ್ಕಸ್ ಅವರ ಬಟ್ಟಲಿಗೆ ಹಾಲು ಹಾಕಿದರು.

"ಪಾದ್ರಿಗಳು ಮತ್ತೆ ಎಲ್ಲೆ ಬಡಿಯೋಣ ಅಂತಾರೆ. ಮೇ ನಾಲ್ಕು, ಸೋಮವಾರ. ಹಿಂದಿನ ಸಲ ನೋಡಿದವರು ಇಬ್ಬರೇ ಉಳಿದಿರೋದು, ನೀವು ಮತ್ತೆ ವಿಲ್ಫ್. ನಿಮ್ಮ ಮನೆ ವಿಷಯಕ್ಕೆ ನಿಮ್ಮನ್ನೇ ಕೇಳೋದು ಸರಿಯಲ್ಲ. ವಿಲ್ಫ್‌ನ ಕೇಳ್ತೀವಿ. ಅವನು ಹೇಳಿದ್ದೇ ಕೊನೆ."

"ಇಲ್ಲಾಂದ್ರೆ ನಾನು ಸ್ಟಾಡನ್‌ಗೆ ಹೋಗ್ಬೇಕು ಅಲ್ವಾ? ಮಣ್ಣಿಗೆ?"

"ಅಲ್ಲಿಯದೂ ಒಳ್ಳೆ ಅಂಗಳ. ಗುಡ್ಡದ ಮೇಲಿದೆ, ಎಲ್ಲಾ ಕಾಣುತ್ತೆ."

"ನೋಡೋಕೆ ನನಗೆ ಕಣ್ಣಿರುತ್ತಾ?" ಎಂದರು ಡೋರ್ಕಸ್.

ವಿಲ್ಫ್ ಸ್ಟಿಕ್‌ಲ್ಯಾಂಡ್ ಆಗ ಅರವತ್ತೆಂಟರ ಮುದುಕ. ಹುಲ್ಲಿನ ಸೂರು ಹೊದಿಸುವುದು ಕಸುಬು, ಭಾನುವಾರ ಗಂಟೆ ಬಾರಿಸುವುದು ಸಂತೋಷ. ಸುದ್ದಿ ಕೇಳಿ ಮರುದಿನವೇ ಡೋರ್ಕಸ್ ಮನೆಯ ಬೇಲಿಗೆ ಬಂದು ಒರಗಿದ.

"ಏನೇ ಡೋರ್ಕಸ್, ಸ್ಟಾಡನ್‌ನವಳಾಗಿಬಿಟ್ಟೆಯಂತೆ. ಇನ್ಮೇಲೆ ನಿನ್ನ ಮಾತಾಡಿಸೋಕೆ ಪಾಸ್‌ಪೋರ್ಟ್ ಮಾಡಿಸ್ಬೇಕಾ?"

"ಮೊದಲು ಮುಖ ತೊಳ್ಕೊ. ಆ ಮುಖಕ್ಕೆ ಯಾರೂ ಪಾಸ್‌ಪೋರ್ಟ್ ಕೊಡಲ್ಲ."

ವಿಲ್ಫ್ ನಗಲಿಲ್ಲ. "ಕಲ್ಲು ಅಲ್ಲೇ ಇತ್ತು ಅಂತೀನಿ. ಯೋಚನೆ ಮಾಡ್ಬೇಡ."

"ಕಿಟಕೀಲಿ ನಿನ್ನ ತೂರಿಸಿದ್ರಲ್ಲ, ಅದು?"

"ಮರೆತುಹೋಯ್ತು. ನಿನ್ನೆ ಏನು ತಿಂದೆ ಅಂತಾನೇ ನೆನಪಿಲ್ಲ ನನಗೆ."

"ವಿಲ್ಫ್, ದೇವರ ಹೆಸರಲ್ಲಿ ಕೇಳ್ತಾರೆ ಕಣೋ."

"ದೇವರಿಗೆ ಐವಿ ಗೊತ್ತು" ಎಂದ ವಿಲ್ಫ್. ಹಾಗೆ ಹೇಳಿ, ಬೇಲಿಯ ಮೊಳೆಯೊಂದು ಸಡಿಲವಾಗಿದೆ ಎಂದು ಅದನ್ನು ಬಡಿಯುತ್ತಾ ಬಹಳ ಹೊತ್ತು ನಿಂತಿದ್ದ.

ಮೇ ನಾಲ್ಕರವರೆಗಿನ ಮೂರು ವಾರ ಡೋರ್ಕಸ್‌ಗೆ ನೆಮ್ಮದಿ ಇರಲಿಲ್ಲ. ಇಸ್ತ್ರಿ ಹಾಕುವಾಗ ಪೂಜೆಯ ಮೇಜಿನ ಬಟ್ಟೆಯ ಅಂಚು ಸುಟ್ಟುಕೊಂಡರು. ನಲವತ್ತು ವರ್ಷದಲ್ಲಿ ಅದೇ ಮೊದಲು. ವಿಲ್ಫ್ ಸುಳ್ಳು ಹೇಳಿದರೆ ಅವರು ಐವಿಯ ಪಕ್ಕ ಮಲಗಬಹುದು. ಅವರು ಬಾಯಿ ಬಿಡಬೇಕಾಗಿಯೂ ಇರಲಿಲ್ಲ, ಸುಮ್ಮನೆ ನಿಂತಿದ್ದರೆ ಸಾಕಾಗಿತ್ತು. ಇನ್ನೊಂದು ಭಯವೂ ಅವರಿಗಿತ್ತು. ನಿಜ ಗೊತ್ತಾದರೆ ರೂಬೆನ್ ಮತ್ತು ಐವಿಯೂ ಹೊರಗಿನವರು ಎಂದು ಯಾರಾದರೂ ಹೇಳಿದರೆ? ಇದನ್ನು ಅವರು ಯಾರಿಗೂ ಹೇಳಿಕೊಂಡಿರಲಿಲ್ಲ. ಮುಂದೆ ಒಂದು ದಿನ, ಬಟ್ಟೆ ಮಡಿಸುವಾಗ, ತಾವಾಗಿಯೇ ನನಗೆ ಹೇಳಿದರು.

ಮೇ ನಾಲ್ಕರಂದು ಬಿಸಿಲಿತ್ತು, ಗಾಳಿಯೂ ಇತ್ತು. ನಾವು ಇಪ್ಪತ್ತೆರಡೋ ಇಪ್ಪತ್ತಮೂರೋ ಜನ ಇದ್ದೆವು. ಗುಡ್ಡ ಹತ್ತಿ, ಕಾಡಿನ ಅಂಚು ಹಿಡಿದು, ಆರು ಕಲ್ಲುಗಳಿಗೆ ಕೋಲಿನಿಂದ ಬಡಿದು, ಏಳನೆಯದಕ್ಕೆ ಎಂದು ಡೋರ್ಕಸ್ ಹಿತ್ತಲಿಗೆ ಬಂದೆವು. ಪಾದ್ರಿಗಳು ಯುವಕರು, ಮಿಸ್ಟರ್ ಟ್ರೆಗಾರ್ತ್ ಎಂದು ಹೆಸರು, ಬೇಲಿಗೂಟದಷ್ಟು ತೆಳ್ಳಗೆ. ಹಳೆಯ ಪ್ರಾರ್ಥನೆಯ ಕ್ರಮವನ್ನು ಪೆಟ್ಟಿಗೆಯಿಂದ ತೆಗೆದು ತಂದಿದ್ದರು. ಆ ಕ್ರಮದಲ್ಲಿ, ಎಲ್ಲೆಕಲ್ಲು ಸರಿಸಿದವರ ಮೇಲೆ ಶಾಪ ಬೀಳಲಿ ಎನ್ನುವ ಒಂದು ಸಾಲು ಇದೆ. ಪ್ರತಿ ಕಲ್ಲಿನ ಬಳಿ ಅದನ್ನು ಓದಬೇಕು, ಎಲ್ಲರೂ ಆಮೆನ್ ಎನ್ನಬೇಕು. ಆರು ಕಲ್ಲಿನ ಬಳಿ ನಾವು ಅದನ್ನು ಲೆಕ್ಕಿಸದೆ ಹೇಳಿಕೊಂಡು ಬಂದಿದ್ದೆವು.

ಡೋರ್ಕಸ್ ಕಲ್ಲಿನ ಪಕ್ಕ ಮೇಜು ಹಾಕಿ, ಹಂದಿಕೊಬ್ಬು ಮತ್ತು ಸಕ್ಕರೆಯ ಕೇಕು, ಒಂದು ಹೂಜಿ ಸೇಬಿನ ಸೈಡರ್ ಇಟ್ಟು ನಿಂತಿದ್ದರು. ಆ ವರ್ಷ ಕಲ್ಲಿಗೆ ಸುಣ್ಣ ಬಳಿದಿರಲಿಲ್ಲ. ಅದನ್ನು ನಾನು ಆಗ ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಪಾದ್ರಿಗಳು ಆ ಸಾಲು ಓದಿದರು. ನಾವು ಆಮೆನ್ ಎಂದೆವು. ಡೋರ್ಕಸ್ ಎನ್ನಲಿಲ್ಲ.

ಹ್ಯಾನ್ಸ್‌ಫರ್ಡ್ ಅವರು ಟೋಪಿ ತೆಗೆದು, "ವಿಲ್ಫ್ರೆಡ್ ಸ್ಟಿಕ್‌ಲ್ಯಾಂಡ್, ದೇವರ ಮುಂದೆ ಕೇಳ್ತಿದೀನಿ. ನೀನು ಚಿಕ್ಕವನಿದ್ದಾಗ ಕಲ್ಲು ಈ ಜಾಗದಲ್ಲೇ ಇತ್ತಾ?" ಎಂದರು.

ವಿಲ್ಫ್ ಗಂಟಲು ಸರಿಮಾಡಿಕೊಂಡ.

"ವಿಲ್ಫ್, ಬಾಯಿ ಮುಚ್ಚು" ಎಂದರು ಡೋರ್ಕಸ್.

"ನನ್ನ ಕೇಳ್ತಿರೋದು ಕಣೇ, ನಿನ್ನಲ್ಲ."

"ನಿನ್ನ ಬಾಯಲ್ಲಿ ಬರಬಾರದ್ದು ಬರೋದು ನನಗೆ ಬೇಡ. ಮಿಸ್ಟರ್ ಹ್ಯಾನ್ಸ್‌ಫರ್ಡ್, ಕಲ್ಲು ಇಲ್ಲಿರ್ಲಿಲ್ಲ. ನಮ್ಮ ಮಾವ ತಂದು ಇಲ್ಲಿ ನೆಟ್ಟಿದ್ದು. ಅವರ ಅಮ್ಮನಿಗೆ ರೊಟ್ಟಿ ಸಿಗಲಿ ಅಂತ. ನಾನು ಗೊತ್ತಿದ್ದೂ ಗೊತ್ತಿದ್ದೂ ಸುಣ್ಣ ಬಳಿದೆ. ಆ ಶಾಪ ಏನಿದ್ರೂ ನಮ್ಮ ಮನೇದು."

ಗಾಳಿಗೆ ಮೇಜಿನ ಬಟ್ಟೆ ಹಾರುತ್ತಿತ್ತು. ಡೋರ್ಕಸ್ ಅದರ ಮೂಲೆಯನ್ನು ಕೈಯಿಂದ ಒತ್ತಿ ಹಿಡಿದು ಕೇಳಿದರು. "ರೂಬೆನ್‌ನ, ಐವೀನ ಎಬ್ಬಿಸಲ್ಲ ತಾನೇ?"

ಹ್ಯಾನ್ಸ್‌ಫರ್ಡ್ ಅವರ ಮುಖ ಕೆಂಪಾಯಿತು. "ಮಲಗಿದವರನ್ನ ಯಾರೂ ಎಬ್ಬಿಸಲ್ಲಮ್ಮ" ಎಂದರು. ಅವರು ಯಾರನ್ನಾದರೂ ಅಮ್ಮ ಎಂದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಆಮೇಲೆ ಟೋಪಿ ಹಾಕಿಕೊಂಡು, "ಹಾಗಾದ್ರೆ ಸರಿಯಾದ ಜಾಗ ತೋರಿಸಿ" ಎಂದರು.

ಹಿಂಬಾಗಿಲಿನ ಪಕ್ಕ ಮಳೆನೀರಿನ ಪೀಪಾಯಿ ಇತ್ತು. ಅದನ್ನು ಸರಿಸಿದಾಗ ಗೋಡೆಯ ಬುಡದಲ್ಲಿ ಕಲ್ಲು ಕಿತ್ತ ತಗ್ಗು ಇನ್ನೂ ಕಾಣುತ್ತಿತ್ತು. ಅಲ್ಲಿಂದ ಗುಡ್ಡದ ಕಲ್ಲಿಗೆ ನೇರ ಹೋಗಬೇಕೆಂದರೆ ಮನೆಯೊಳಗೇ ಹೋಗಬೇಕು. ಡೋರ್ಕಸ್ ಬಾಗಿಲು ತೆರೆದು ಪಕ್ಕಕ್ಕೆ ನಿಂತರು. "ಬೂಟು ಒರೆಸ್ಕೊಂಡು ಬನ್ನಿ. ನಿನ್ನೆ ನೆಲ ತೊಳೆದಿದೀನಿ."

ಎದುರಿನ ಕಿಟಕಿ ಅದೇ ಹಳೆಯ ಕಿಟಕಿ. ವಿಲ್ಫ್ ಅದರ ಮುಂದೆ ನಿಂತು ತನ್ನ ಹೊಟ್ಟೆ ನೋಡಿಕೊಂಡ. "ಆಗ ಕಿಟಕಿ ದೊಡ್ಡದಿತ್ತು" ಎಂದ.

"ಕಿಟಕಿ ಅಷ್ಟೇ ಇದೆ. ನಿನ್ನ ಹೊಟ್ಟೆ ಎರಡು ಪ್ಯಾರಿಶ್ ದಾಟಿದೆ" ಎಂದರು ಡೋರ್ಕಸ್. ಅಷ್ಟು ಹೊತ್ತಿನ ಮೇಲೆ ಜನ ನಕ್ಕರು. ಕೊನೆಗೆ ಪಾದ್ರಿಗಳೇ ಅಂಗಿ ಎತ್ತಿಕೊಂಡು ತೂರಿ ಹೊರಗೆ ಹೋದರು. ಅಂಗಿಗೆ ಕಿಟಕಿಯ ಮೊಳೆ ಸಿಕ್ಕಿ ಪರ್ರೆಂದಿತು. ಡೋರ್ಕಸ್ ಕಣ್ಣು ಮುಚ್ಚಿಕೊಂಡರು.

ಹ್ಯಾನ್ಸ್‌ಫರ್ಡ್ ಅವರು ಬಟ್ಟೆ ಒಣಗಿಸುವ ಹಗ್ಗ ಕೇಳಿ ಪಡೆದು, ಬಾಗಿಲ ಚೌಕಟ್ಟಿನಿಂದ ಕಿಟಕಿಯ ನಡುವಿನವರೆಗೆ ಬಿಗಿಯಾಗಿ ಎಳೆದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದರು. ಕೆಳಗೆ ಇದ್ದದ್ದು ಒಂದೇ ಕೋಣೆ. ಗೆರೆಯ ಉತ್ತರಕ್ಕೆ ಹಂಡೆ, ಒಗೆಯುವ ತೊಟ್ಟಿ, ತೇವದ ಗೋಡೆ. ಅದು ಕೆಲ್‌ಕೂಮ್. ದಕ್ಷಿಣಕ್ಕೆ ಒಲೆ, ಕುರ್ಚಿ, ಮಂಡಿನೋವಿನಿಂದ ಮಹಡಿ ಹತ್ತಲಾಗದೆ ಡೋರ್ಕಸ್ ಕೆಳಗೆ ಹಾಕಿಸಿಕೊಂಡಿದ್ದ ಕಬ್ಬಿಣದ ಮಂಚ. ಅದು ಸ್ಟಾಡನ್.

ಹ್ಯಾನ್ಸ್‌ಫರ್ಡ್ ಅವರು ಮಂಚವನ್ನು ನೋಡುತ್ತಾ ನಿಂತರು. "ಹಳೇ ಕಾಗದಗಳಲ್ಲಿ ಓದಿದೀನಿ. ಎಲ್ಲೆ ಮನೆಯೊಳಗೆ ಹೋದ್ರೆ, ಆ ಮನುಷ್ಯ ತಲೆ ಇಟ್ಟು ಮಲಗೋ ಪ್ಯಾರಿಶ್‌ಗೇ ಅವನು ಸೇರಿದವನು. ನಲವತ್ತು ರಾತ್ರಿ ಒಂದೇ ಕಡೆ ಮಲಗಿರ್ಬೇಕು."

ಕಿಟಕಿಯ ಹೊರಗಿನಿಂದ ಪಾದ್ರಿಗಳು ಮೆಲ್ಲಗೆ, "ಮಿಸ್ಟರ್ ಹ್ಯಾನ್ಸ್‌ಫರ್ಡ್, ನಾವು ನೋಡಿದ್ರೂ ನೋಡದ ಹಾಗೆ ಇದ್ರೆ ಆಗಲ್ವಾ?" ಎಂದರು.

"ನನ್ನ ನಾದಿನಿ ಮುಖ ನೋಡಿ ಆಗಲ್ಲ ಅಂದಿದೀನಿ, ಪಾದ್ರಿಗಳೇ."

ಆಗ ಡೋರ್ಕಸ್ ಮಂಚದ ಮೇಲಿನ ದಿಂಬು ತೆಗೆದುಕೊಂಡು, ಗೆರೆ ದಾಟಿ, ಒಗೆಯುವ ತೊಟ್ಟಿಯ ಮೇಲೆ ಇಟ್ಟರು. ತಿರುಗಿ ಬಂದು ಕಂಬಳಿ ಮಡಿಸತೊಡಗಿದರು.

"ಅಲ್ಲಿ ಗೋಡೇಲಿ ನೀರು ಜಿನುಗುತ್ತೆ ಕಣೇ" ಎಂದ ವಿಲ್ಫ್. "ಚಳಿಗಾಲದಲ್ಲಿ ಸತ್ತೇಹೋಗ್ತೀಯ."

"ಸತ್ತರೆ ಸರಿಯಾದ ಕಡೆ ಸಾಯ್ತೀನಿ. ಮಂಚ ಹಿಡ್ಕೊ."

ವಿಲ್ಫ್ ಒಂದು ತುದಿ ಹಿಡಿದ. ಇನ್ನೊಂದು ತುದಿ ಯಾರು ಹಿಡಿಯುತ್ತಾರೆ ಎಂದು ನಾವು ನೋಡುತ್ತಿದ್ದಾಗ, ಹ್ಯಾನ್ಸ್‌ಫರ್ಡ್ ಅವರು ಕೋಟು ಬಿಚ್ಚಿ ಬಾಗಿಲ ಗೂಟಕ್ಕೆ ನೇತುಹಾಕಿ ಬಂದರು.

ನಲವತ್ತು ರಾತ್ರಿ ಜೂನ್ ಮಧ್ಯಕ್ಕೆ ಮುಗಿಯಿತು. ಹ್ಯಾನ್ಸ್‌ಫರ್ಡ್ ಅವರು ಒಂದು ದಿನವೂ ಬಂದು ನೋಡಲಿಲ್ಲ. ಕೊನೆಯ ದಿನ ಬಾಗಿಲಿಗೆ ಬಂದು, "ಆಯ್ತಾ?" ಎಂದು ಕೇಳಿದರು. ಡೋರ್ಕಸ್ "ಆಯ್ತು" ಎಂದರು. ಹ್ಯಾನ್ಸ್‌ಫರ್ಡ್ ಅವರು ಅಷ್ಟನ್ನೇ ಪಟ್ಟಿಯಲ್ಲಿ ಬರೆದುಕೊಂಡರು. ಡೋರ್ಕಸ್ ಆಗ ಕೇಳಿದರಂತೆ. "ಈಗ ಮಂಚ ಒಲೆ ಹತ್ರ ಹಾಕ್ಕೊಂಡ್ರೆ?"

ಬೇರೆ ಯಾರಾದರೂ ಆಗಿದ್ದರೆ ಹಾಕಿಕೊಳ್ಳಿ ಎನ್ನುತ್ತಿದ್ದರು. ಹ್ಯಾನ್ಸ್‌ಫರ್ಡ್ ಅವರು ಸ್ವಲ್ಪ ಯೋಚಿಸಿ, "ಅಲ್ಲಿ ನಲವತ್ತು ರಾತ್ರಿ ಆಗೋವರೆಗೆ ಏನೂ ತೊಂದ್ರೆ ಇಲ್ಲ. ನಲವತ್ತಾದ್ರೆ ಮತ್ತೆ ಸ್ಟಾಡನ್" ಎಂದರು.

ಆ ಬೇಸಗೆಯಲ್ಲೇ ಅವರು ತಮ್ಮ ಹಳೆಯ ಕೊಟ್ಟಿಗೆಯ ಹಲಗೆ ತಂದು ಉತ್ತರದ ಗೋಡೆಗೆ ಒಳಗಿನಿಂದ ಹೊಡೆದುಕೊಟ್ಟರು. ವಿಲ್ಫ್ ಆ ಭಾಗದ ಸೂರಿಗೆ ಎರಡು ಪದರ ಹುಲ್ಲು ಹೆಚ್ಚಾಗಿ ಹೊದಿಸಿದ. ಆದರೂ ಚಳಿಗಾಲದಲ್ಲಿ ಆ ಕಡೆ ಉಸಿರು ಬಿಟ್ಟರೆ ಹೊಗೆ ಕಾಣುತ್ತಿತ್ತು. ಡೋರ್ಕಸ್ ಕಾಯಿಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಾಲಡಿ ಇಟ್ಟುಕೊಳ್ಳುತ್ತಿದ್ದರು. ಮೂವತ್ತೊಂಬತ್ತು ರಾತ್ರಿ ಒಲೆಯ ಹತ್ತಿರ ಮಲಗಿ ನಲವತ್ತನೆಯದಕ್ಕೆ ಈಚೆ ಬಾ ಎಂದು ವಿಲ್ಫ್ ಹೇಳಿಕೊಟ್ಟ. "ಅದು ದೇವರ ಹತ್ರ ಚೌಕಾಸಿ ಮಾಡಿದ ಹಾಗೆ" ಎಂದು ಡೋರ್ಕಸ್ ಒಪ್ಪಲಿಲ್ಲ. ಕೆಮ್ಮು ಹೆಚ್ಚಾದ ಒಂದು ಜನವರಿಯಲ್ಲಿ ಮಾತ್ರ ಹನ್ನೊಂದು ರಾತ್ರಿ ಒಲೆಯ ಪಕ್ಕ ಕುರ್ಚಿಯಲ್ಲಿ ಮಲಗಿದರು. ವಾಸಿಯಾದ ಮೇಲೆ ತಾವೇ ಹ್ಯಾನ್ಸ್‌ಫರ್ಡ್ ಮನೆಗೆ ನಡೆದು ಹೋಗಿ ಹೇಳಿ ಬಂದರು.

ಹೀಗೆ ನಾಲ್ಕು ಚಳಿಗಾಲ ಕಳೆದವು. ನಾಲ್ಕನೆಯದರ ಜನವರಿ ಮೊದಲ ವಾರದಲ್ಲಿ ಎದೆಗೆ ನೆಗಡಿ ಇಳಿಯಿತು. ಡಾಕ್ಟರು ಒಲೆಯ ಪಕ್ಕಕ್ಕೆ ಮಂಚ ಹಾಕಿಸದಿದ್ದರೆ ತಾನು ಬರುವುದೇ ಇಲ್ಲ ಎಂದರು. ಹಾಕಿಸಿದೆವು. ಅಂದಿನಿಂದ ದಿನಾ ಹಾಲು ತರುವವರನ್ನು, ರೊಟ್ಟಿ ತರುವವರನ್ನು, ಪಾದ್ರಿಗಳನ್ನು ಅವರು ಕೇಳುತ್ತಿದ್ದದ್ದು ಒಂದೇ. ಎಷ್ಟಾಯ್ತು? ಜ್ವರದಲ್ಲಿ ಎಣಿಕೆ ತಪ್ಪಿಹೋಗುತ್ತದೆ ಎಂದು ಭಯ. ಹದಿನಾರು ಎಂದೆವು, ಇಪ್ಪತ್ತೇಳು ಎಂದೆವು. ಮೂವತ್ತಾರು ಆದ ಮರುದಿನ ಮಧ್ಯಾಹ್ನ ವಿಲ್ಫ್‌ನನ್ನೂ ಹ್ಯಾನ್ಸ್‌ಫರ್ಡ್ ಅವರನ್ನೂ ಕರೆಸಿದರು.

"ಇನ್ನೂ ಮೂರು ಇದೆ, ಮಿಸೆಸ್ ಗಾಲ್ಪಿನ್" ಎಂದರು ಹ್ಯಾನ್ಸ್‌ಫರ್ಡ್. "ಅವಸರ ಇಲ್ಲ."

"ನಿಮಗಿಲ್ಲ" ಎಂದರು ಡೋರ್ಕಸ್.

ಅವರನ್ನು ಎಬ್ಬಿಸಿ ಕೂರಿಸುವ ಸ್ಥಿತಿ ಇರಲಿಲ್ಲ. ಮಲಗಿದ ಹಾಗೇ ಮಂಚ ಎತ್ತಬೇಕಾಯಿತು. ತಲೆಯ ಕಡೆ ಹ್ಯಾನ್ಸ್‌ಫರ್ಡ್, ಕಾಲಿನ ಕಡೆ ವಿಲ್ಫ್, ಎರಡು ಪಕ್ಕದಲ್ಲಿ ಪಾದ್ರಿಗಳು ಮತ್ತು ನಾನು. ಡೋರ್ಕಸ್ ಎರಡೂ ಕೈಯಿಂದ ಮಂಚದ ಪಟ್ಟಿ ಹಿಡಿದುಕೊಂಡು, "ಹುಷಾರು. ಸ್ಟಾಡನ್‌ನಲ್ಲಿ ಬೀಳಿಸ್ಬೇಡಿ" ಎಂದರು.

ಹಂಡೆಯ ಪಕ್ಕ ಇಳಿಸಿದೆವು. ಪಾದ್ರಿಗಳು ಗೋಡೆಯ ಸಂದಿಗೆ ತಮ್ಮ ಕೋಟನ್ನು ತುರುಕಿದರು. ಅಲ್ಲಿ ಅವರು ಇನ್ನೂ ಐದು ರಾತ್ರಿ ಮಲಗಿದ್ದರು. ಆರನೆಯ ದಿನ ಬೆಳಗ್ಗೆ ತೀರಿಕೊಂಡರು.

ಫೆಬ್ರವರಿ ಹದಿನೇಳರಂದು ಮಣ್ಣು ಮಾಡಿದೆವು. ಚರ್ಚಿನ ದಪ್ಪ ದಾಖಲೆ ಪುಸ್ತಕದಲ್ಲಿ ಹೆಸರಿನ ಮುಂದೆ ವಾಸಸ್ಥಳ ಬರೆಯುವ ಜಾಗವಿದೆ. ಪಾದ್ರಿಗಳು ಪೆನ್ನು ಹಿಡಿದು ತಲೆಯೆತ್ತಿ ಹ್ಯಾನ್ಸ್‌ಫರ್ಡ್ ಅವರನ್ನು ನೋಡಿದರು. ಹ್ಯಾನ್ಸ್‌ಫರ್ಡ್ ಅವರು ಮೂಗು ಒರೆಸಿಕೊಂಡು, "ಕೆಲ್‌ಕೂಮ್" ಎಂದರು. ಪಾದ್ರಿಗಳು ಬರೆದರು. ಹ್ಯಾನ್ಸ್‌ಫರ್ಡ್ ಅವರು ಅದನ್ನು ಬಗ್ಗಿ ನೋಡಿ, ಶಾಯಿ ಒಣಗುವವರೆಗೆ ಅಲ್ಲೇ ನಿಂತಿದ್ದರು.